ಹಾಸಿಗೆ ಇದ್ದಷ್ಟಾದರೂ ಕಾಲು ಚಾಚಬೇಡವೇ?

ಹಣವನ್ನು ಖರ್ಚು ಮಾಡದವನನ್ನು ಕರೆಯಲು ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ: ಜಿಪುಣ, ಲೋಭಿ, ಕೃಪಣ, ಜುಗ್ಗ. ಮಿತಿಮೀರಿ ಖರ್ಚು ಮಾಡುವವನಿಗೆ ದುಂದುಗಾರನೆಂಬ ಹೆಸರಿದೆ. ಆದರೆ ಏನನ್ನೂ ಹಾಳುಮಾಡದೆ, ಇದ್ದುದನ್ನು ಸಂತೋಷದಿಂದ ಅನುಭವಿಸುವ ಮನುಷ್ಯನಿಗೆ ನಮ್ಮ ಆಡುಮಾತಿನಲ್ಲಿ ಥಟ್ಟನೆ ಒಂದು ಹೆಸರು ಹೊಳೆಯುವುದಿಲ್ಲ.

ಹೆಸರಿಲ್ಲದಿದ್ದರೂ ಅಂಥವನಿಗೆಂದೇ ಒಂದು ಗಾದೆಯಿದೆ: ಹಾಸಿಗೆ ಇದ್ದಷ್ಟು ಕಾಲು ಚಾಚು. ನನ್ನ ತರಗತಿಯಲ್ಲಿ ಕುಳಿತವರೆಲ್ಲರೂ ಈ ಗಾದೆಯನ್ನು ವಿಸ್ತರಿಸಿ ಬರೆದವರೇ. ಸಾಲ ಮಾಡಬಾರದು, ಆಡಂಬರ ಸಲ್ಲದು ಎಂದು ಎಲ್ಲರೂ ಒಂದೇ ಬಗೆಯಾಗಿ ಬರೆಯುತ್ತಿದ್ದಿರಿ. ಅದು ಸರಿಯಾದ ಉತ್ತರವೇ, ಆದರೆ ಅರ್ಧ ಉತ್ತರ. ಗಾದೆ 'ಹಾಸಿಗೆಗಿಂತ ಆಚೆ ಚಾಚಬೇಡ' ಎಂದಷ್ಟೇ ಹೇಳುವುದಿಲ್ಲ. 'ಹಾಸಿಗೆ ಇದ್ದಷ್ಟು ಚಾಚು' ಎಂದೂ ಹೇಳುತ್ತದೆ. ಆರಡಿ ಹಾಸಿಗೆಯ ಮೇಲೆ ಮಂಡಿ ಮಡಚಿಕೊಂಡು ಮಲಗುವವನೂ ಈ ಗಾದೆಯನ್ನು ಮೀರಿದವನೇ. ನನ್ನ ಓರಗೆಯ ಹಲವರು ಇಂದು ಹಾಗೆ ಮಲಗಿದ್ದಾರೆ ಎಂಬುದೇ ಈ ಬರಹಕ್ಕೆ ಕಾರಣ.

ಈ ಮಂಡಿ ಮಡಚುವ ಅಭ್ಯಾಸ ನಮಗೆ ಸುಮ್ಮನೆ ಬಂದುದಲ್ಲ. ನಾವು ಬೆಳೆದದ್ದು ಅಭಾವದ ದಿನಗಳಲ್ಲಿ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೂ ನಮ್ಮೂರಿನ ಅಂಗಡಿಯವರು ಬಹುಕಾಲ ಆಣೆಯಲ್ಲಿಯೇ ಬೆಲೆ ಹೇಳುತ್ತಿದ್ದರು. ನಾಲ್ಕು ಆಣೆಗೆ 25 ನಯಾಪೈಸೆಯಾದರೆ ಒಂದು ಆಣೆಗೆ ಆರೂಕಾಲು. ಆ ಕಾಲು ಪೈಸೆ ಯಾರ ಪಾಲಿಗೆ ಸೇರಬೇಕೆಂಬುದು ನಮ್ಮ ಪಾಲಿಗೆ ನಿಜವಾದ ಪ್ರಶ್ನೆಯಾಗಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಸಕ್ಕರೆಗೂ ಸೀಮೆಎಣ್ಣೆಗೂ ಸಾಲಿನಲ್ಲಿ ನಿಂತ ಬಾಲ್ಯ ನಮ್ಮದು. ಅಂಥವರ ಕೈ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಿಕೊಳ್ಳದ ಆ ಕೈಯೇ ಮುಂದೆ ಮಕ್ಕಳನ್ನು ಓದಿಸಿತು, ತಲೆಯ ಮೇಲೊಂದು ಸೂರು ಕಟ್ಟಿಸಿತು. ಆದ್ದರಿಂದ ಮಿತವ್ಯಯವನ್ನು ಹಳೆಯ ಕಾಲದ ಗೀಳೆಂದು ನಗುವವರೊಡನೆ ನಾನು ಸೇರಲಾರೆ.

ಆದರೆ ಆ ಕಾಲದ ಮಿತವ್ಯಯದ ಸ್ವರೂಪವನ್ನು ಸ್ವಲ್ಪ ಗಮನಿಸಿ. ಅಕ್ಕಿ ತೊಳೆದ ನೀರು ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ತೆಂಗಿನ ಚಿಪ್ಪು, ಒಣಗಿದ ಗರಿ ಬಚ್ಚಲೊಲೆಗೆ ಸೇರುತ್ತಿದ್ದವು. ಹಳೆಯ ಸೀರೆ ಕೌದಿಯಾಗುತ್ತಿತ್ತು. ಹಿಂದಿನ ವರ್ಷದ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದರೆ ಈ ವರ್ಷದ ಲೆಕ್ಕದ ಪುಸ್ತಕ ಸಿದ್ಧ. ಆ ಮನೆಗಳಲ್ಲಿ ಬಳಕೆಯಾಗದೆ ಉಳಿದ ವಸ್ತುವೇ ಇರಲಿಲ್ಲ. ಮಿತವ್ಯಯವೆಂದರೆ ಪೂರ್ತಿಯಾಗಿ ಬಳಸುವುದು ಎಂದರ್ಥವಿತ್ತು; ಬಳಸದೆ ಇಡುವುದು ಎಂದಲ್ಲ.

ಈಗಿನ ಒಂದು ಮನೆಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ದೂರದ ದೇಶದಲ್ಲಿರುವ ಮಗ ಬಟ್ಟೆ ಒಗೆಯುವ ಯಂತ್ರವನ್ನು ಕೊಡಿಸಿ ಹೋಗಿದ್ದಾನೆ. ಅದಕ್ಕೊಂದು ಅಂದವಾದ ಹೊದಿಕೆ ಹಾಕಿ, ಮೇಲೆ ಹೂದಾನಿ ಇಟ್ಟಿದ್ದಾರೆ. ವಿದ್ಯುತ್ತಿನ ಬಿಲ್ಲು ಏರಬಾರದೆಂದು ಯಜಮಾನರ ಕಟ್ಟಪ್ಪಣೆ. ಆ ತಾಯಿ ಎಪ್ಪತ್ತರ ವಯಸ್ಸಿನಲ್ಲಿ, ಸೊಂಟನೋವಿಗೆ ಎಣ್ಣೆ ಹಚ್ಚಿಕೊಂಡು, ಇಂದಿಗೂ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ನಮ್ಮ ಅಜ್ಜಿಯರ ಅಳತೆಯಲ್ಲಿ ನೋಡಿದರೆ ಇದು ಮಿತವ್ಯಯವಲ್ಲ, ಅಪವ್ಯಯ. ಯಂತ್ರವೂ ವ್ಯರ್ಥ, ಸೊಂಟವೂ ವ್ಯರ್ಥ.

ಇಲ್ಲಿ ಇನ್ನೊಂದು ಮಾತನ್ನು ನನ್ನ ಓರಗೆಯ ಗಂಡಸರಿಗೆ ನೇರವಾಗಿ ಹೇಳಬೇಕಾಗಿದೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಉಳಿತಾಯದ ಲೆಕ್ಕ ಬರೆಯುವವನು ಗಂಡ. ಆ ಉಳಿತಾಯವನ್ನು ಮೈಮೇಲೆ ಹೊತ್ತವಳು ಹೆಂಡತಿ. ಅಡುಗೆಯಲ್ಲಿ ಉಳಿದುದನ್ನು ತಾನು ಉಂಡು, ಹರಿದ ಕಡೆ ತಾನು ಹೊಲಿದುಕೊಂಡು, ತನ್ನ ಕನ್ನಡಕ ಮುಂದಿನ ತಿಂಗಳಿಗಿರಲಿ ಎಂದವಳು ಅವಳು. ತರಕಾರಿಯವಳ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದು, ಮನೆಗೆಲಸದವರ ಸಂಬಳವನ್ನು ವರ್ಷಗಟ್ಟಲೆ ಏರಿಸದಿರುವುದು, ಇವೂ ಇದೇ ಜಾತಿಗೆ ಸೇರಿದವು. ಮತ್ತೊಬ್ಬರ ಮೈಮುರಿಸಿ ನಾವು ಉಳಿಸಿದ್ದು ಉಳಿತಾಯವಲ್ಲ.

ಲೆಕ್ಕದ ಮೇಷ್ಟ್ರಾಗಿದ್ದವನು ಲೆಕ್ಕವಿಲ್ಲದೆ ಮುಗಿಸಿದರೆ ನೀವು ನಂಬಲಾರಿರಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತವೆಂದು ಭಾವಿಸಿ. 72ನ್ನು 6ರಿಂದ ಭಾಗಿಸಿದರೆ 12. ಅಂದರೆ ಸುಮಾರು ಹನ್ನೆರಡು ವರ್ಷಗಳಲ್ಲಿ ಬೆಲೆಗಳು ಇಮ್ಮಡಿಯಾಗುತ್ತವೆ. ಪೆಟ್ಟಿಗೆಯಲ್ಲಿಟ್ಟ ನೂರು ರೂಪಾಯಿ ಐವತ್ತರ ಕೆಲಸವನ್ನಷ್ಟೇ ಮಾಡುತ್ತದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬಂದು ಈ ನಷ್ಟ ಬಹುಮಟ್ಟಿಗೆ ತುಂಬೀತು. ಆದರೆ ಅದೇ ಹನ್ನೆರಡು ವರ್ಷಗಳಲ್ಲಿ ಅರವತ್ತೈದರ ಮೊಣಕಾಲು ಎಪ್ಪತ್ತೇಳರ ಮೊಣಕಾಲಾಗುತ್ತದೆ. ಅದಕ್ಕೆ ಬಡ್ಡಿ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ನಿವೃತ್ತಿಯ ಹಣ ಕೈಸೇರಿದ ವರ್ಷವೇ ಪತ್ನಿಯೊಡನೆ ಕಾಶಿ, ಬದರಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ಠೇವಣಿಯನ್ನು ನಡುವೆ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆಂದು ಒಂದು ವರ್ಷ ಮುಂದೂಡಿದರು. ಆಮೇಲೆ ಮತ್ತೊಂದು ವರ್ಷ. ಐದನೆಯ ವರ್ಷ ಆಕೆ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಠೇವಣಿ ಈಗಲೂ ಸುರಕ್ಷಿತವಾಗಿದೆ. ಅವರ ಮನೆಗೆ ಹೋದಾಗ ನಾವು ಹಳೆಯ ಶಾಲೆಯ ವಿಷಯ ಮಾತನಾಡುತ್ತೇವೆ. ಕಾಶಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಹಾಗೆಂದು ಇದ್ದುದನ್ನೆಲ್ಲ ಊರಿಗೆ ಹಂಚಿ ಕುಳಿತುಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಮುಪ್ಪಿನಲ್ಲಿ ಆಸ್ಪತ್ರೆಯ ಖರ್ಚು ಯಾವ ಬಾಗಿಲಿನಿಂದ ಬರುತ್ತದೆಂದು ಹೇಳಲಾಗದು. ಆ ನಿಧಿಯನ್ನು ಮೊದಲು ಬೇರೆಯಾಗಿ ತೆಗೆದಿಡಬೇಕು, ಅದನ್ನು ಮುಟ್ಟಬಾರದು. ಕಂತಿನಲ್ಲಿ ಮೊಬೈಲು ಕೊಂಡು, ಸಾಲದಲ್ಲಿ ಮದುವೆಯ ಚಪ್ಪರ ಹಾಕುವ ನನ್ನ ಕಿರಿಯ ವಿದ್ಯಾರ್ಥಿಗಳಿಗೆ ಗಾದೆಯ ಹಳೆಯ ಅರ್ಧವೇ ಇಂದಿಗೂ ಮುಖ್ಯ. ಆದರೆ ಸಾಲ ತೀರಿ, ಮಕ್ಕಳು ನೆಲೆನಿಂತು, ಪಿಂಚಣಿ ಬರುತ್ತಿರುವವರು ಗಾದೆಯ ಉಳಿದರ್ಧವನ್ನು ಓದುವ ತರಗತಿಗೆ ಬಂದಿದ್ದಾರೆ.

ಒಂದು ಸಣ್ಣ ಉಪಾಯವಿದೆ. 2004ರಲ್ಲಿ ಸರ್ಕಾರ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ತಂದಿತು. ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಹಿರಿಯರು ಅದನ್ನು ಬಳಸಲೆಂದೇ ಹಾಗೆ ರೂಪಿಸಿದ್ದಾರೆ. ನಾವಾದರೋ ಅದನ್ನೂ ಒಯ್ದು ಇನ್ನೊಂದು ಠೇವಣಿಗೆ ಕಟ್ಟುತ್ತೇವೆ. ಹತ್ತು ಲಕ್ಷವಿಟ್ಟವನಿಗೆ, ಲೆಕ್ಕದ ಅನುಕೂಲಕ್ಕೆ ಶೇಕಡಾ 8 ಎಂದುಕೊಂಡರೆ, ವರ್ಷಕ್ಕೆ 80,000, ಮೂರು ತಿಂಗಳಿಗೆ 20,000 ರೂಪಾಯಿ. ವರ್ಷದ ನಾಲ್ಕು ಕಂತುಗಳಲ್ಲಿ ಒಂದೇ ಒಂದನ್ನು ಸಂತೋಷದ ಲೆಕ್ಕಕ್ಕೆ ಬರೆಯಿರಿ. ಅಸಲು ಒಂದು ಪೈಸೆಯೂ ಕರಗದು. ಪುಸ್ತಕ, ಸಂಗೀತ ಕಚೇರಿ, ಹಳೆಯ ಸ್ನೇಹಿತನ ಊರಿಗೊಂದು ಪ್ರಯಾಣ, ಬಡಹುಡುಗನೊಬ್ಬನ ಶುಲ್ಕ, ಯಾವುದಾದರೂ ಆಗಲಿ.

ಬಡಹುಡುಗನ ಶುಲ್ಕವನ್ನು ಸಂತೋಷದ ಪಟ್ಟಿಗೆ ಬೇಕೆಂದೇ ಸೇರಿಸಿದ್ದೇನೆ. ಹಣಕ್ಕೆ ಕೊಡುವುದು, ಅನುಭವಿಸುವುದು, ನಾಶವಾಗುವುದು ಎಂಬ ಮೂರೇ ದಾರಿಗಳೆಂದು ಭರ್ತೃಹರಿ ಬಹು ಹಿಂದೆಯೇ ಎಣಿಸಿದ್ದಾನೆ; 'ಇಡುವುದು' ಎಂಬ ನಾಲ್ಕನೆಯದು ಅವನ ಎಣಿಕೆಯಲ್ಲಿಲ್ಲ. 1970ರಲ್ಲಿ ಡಿ.ವಿ.ಜಿ.ಯವರನ್ನು ಸನ್ಮಾನಿಸಿ 90,000 ರೂಪಾಯಿಯ ನಿಧಿಯನ್ನು ಅರ್ಪಿಸಿದಾಗ ಅವರು ಅಷ್ಟನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಅದು ಅವರೇ ಕಟ್ಟಿ ಬೆಳೆಸಿದ ಸಂಸ್ಥೆ. ಸರಳವಾಗಿ ಬದುಕಿದವರು ಕೈಬಿಗಿದು ಬದುಕಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ನನಗೆ ಬೇಡ.

ಹಿರಿಯರ ಮಕ್ಕಳಾದ ನಿಮಗೂ ಒಂದು ಮಾತು. "ಅಪ್ಪಾ, ಯಾಕೆ ಇಷ್ಟು ಜಿಪುಣತನ, ಖರ್ಚು ಮಾಡಿ" ಎಂದು ದೂರವಾಣಿಯಲ್ಲಿ ಗದರಿಸಿದರೆ ಯಾವ ಅಪ್ಪನೂ ಬದಲಾಗುವುದಿಲ್ಲ. ವಸ್ತುಗಳನ್ನು ಕಳುಹಿಸಿದರೆ ಅವುಗಳ ಮೇಲೆ ಹೊದಿಕೆ ಬೀಳುತ್ತದೆ. ರಜೆ ಹಾಕಿ ಬಂದು, ಟಿಕೆಟ್ ತೆಗೆಸಿ, ಅಮ್ಮನ ಕೈಹಿಡಿದು ನೀವೇ ಕರೆದುಕೊಂಡು ಹೋಗಿ. ಕೊಡಿಸಿದ ಯಂತ್ರವನ್ನು ಎದುರಿಗೆ ನಾಲ್ಕು ದಿನ ನಡೆಸಿ, ಬಂದ ಬಿಲ್ಲನ್ನು ಅಪ್ಪನಿಗೆ ತೋರಿಸಿ. ಲೆಕ್ಕ ಕಣ್ಣಿಗೆ ಬಿದ್ದರೆ ನಮ್ಮ ಕಾಲದವರು ಒಪ್ಪುತ್ತಾರೆ.

ಅಭ್ಯಾಸಬಲದಿಂದ ಒಂದು ಮನೆಪಾಠ ಕೊಡುತ್ತೇನೆ. ಒಂದು ಹಾಳೆಯನ್ನು ನಡುವೆ ಮಡಚಿ. ಎಡಗಡೆ, ನಿಮ್ಮ ಮನೆಯಲ್ಲಿ ದಿನವೂ ವ್ಯರ್ಥವಾಗುತ್ತಿರುವ ಐದು ಸಂಗತಿಗಳನ್ನು ಬರೆಯಿರಿ. ಬಲಗಡೆ, ಕೈಯಲ್ಲಿ ಹಣವಿದ್ದೂ 'ಮುಂದೆ ನೋಡೋಣ' ಎಂದು ತಳ್ಳುತ್ತಾ ಬಂದ ಐದು ಸಂಗತಿಗಳನ್ನು ಬರೆಯಿರಿ. ಎಡಗಡೆಯ ಪಟ್ಟಿ ಎಷ್ಟೇ ಉದ್ದವಿದ್ದರೂ ಇಂದಿನಿಂದಲೇ ಕಡಿಮೆ ಮಾಡಲು ಹೊರಡಿ. ಬಲಗಡೆಯದನ್ನು ಮನೆಯಾಕೆಗೆ ಓದಿ ಹೇಳಿ, ಅವರ ಐದನ್ನೂ ಕೇಳಿ ಬರೆದುಕೊಳ್ಳಿ. ಯಾವುದನ್ನು ಮೊದಲು ಮಾಡಬೇಕೆಂಬುದನ್ನು ಅವರೇ ತೀರ್ಮಾನಿಸಲಿ.

ಎಲ್ಲರಿಗೂ ಒಳ್ಳೆಯದಾಗಲಿ.