ಶಿಬಿರದಲ್ಲಿ ಬೆನ್ನಿಗೂ ಜಾಗವಿರಲಿ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲದರ ತಪಾಸಣೆಯೂ ನಡೆಯುತ್ತದೆ. ಇದು ಶ್ಲಾಘನೀಯ. ಆದರೆ ನಮ್ಮ ಹೊಟೇಲ್ ಕಾರ್ಮಿಕರ ಅನ್ನಕ್ಕೆ ಆಧಾರವಾದ ಬೆನ್ನಿನ ಬಗ್ಗೆ ವಿಚಾರಿಸುವ ಶಿಬಿರ ಅಪರೂಪ.

ಹೊಟೇಲಿನ ಅಡುಗೆಮನೆ ಕಂಡವರಿಗೆ ವಿವರಿಸಬೇಕಿಲ್ಲ. ಹಿಟ್ಟಿನ ಪಾತ್ರೆ, ಸಾಂಬಾರಿನ ಹಂಡೆ, 50 ಕಿಲೋ ಅಕ್ಕಿಯ ಚೀಲ, 19 ಕಿಲೋ ಗ್ಯಾಸಿನ ಜೊತೆಗೆ ಉಕ್ಕಿನ ತೂಕವನ್ನೂ ಹೊತ್ತ ಸಿಲಿಂಡರ್ ಎಲ್ಲವನ್ನೂ ಎತ್ತುವವನು ಒಬ್ಬನೇ ಹುಡುಗ. ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದರೂ ಈ ಮಿತಿ 23 ಕಿಲೋ ಮಾತ್ರ. ನಮ್ಮ ಹುಡುಗರು ದಿನಕ್ಕೆಷ್ಟು ಬಾರಿ ಈ ಗೆರೆ ದಾಟುತ್ತಾರೋ! ಬೆನ್ನು ಹಿಡಿದರೆ ರೂಮಿನಲ್ಲಿ ಬಿದ್ದಿರಬೇಕು. ಸಂಬಳ ಕಡಿತ, ಊರಿಗೆ ಹಣವಿಲ್ಲ.

ಎತ್ತುವ ಕ್ರಮ ಕಷ್ಟದ್ದೇನಲ್ಲ. ಪಾದ ಅಗಲಿಸಿ ನಿಂತು, ಬೆನ್ನು ಬಾಗಿಸದೆ ಮಂಡಿ ಮಡಚಿ, ಭಾರವನ್ನು ಮೈಗೆ ಆನಿಸಿಕೊಂಡು ಕಾಲಿನ ಬಲದಿಂದ ಏಳಬೇಕು. ಭಾರ ಕೈಯಲ್ಲಿರುವಾಗ ಸೊಂಟ ತಿರುಚದೆ ಪಾದವನ್ನೇ ತಿರುಗಿಸಬೇಕು. ಕುದಿಯುವ ಸಾಂಬಾರನ್ನು ಮೈಗೆ ಆನಿಸಿಕೊಳ್ಳುವುದು ಹೇಗೆಂದು ಕೇಳಬಹುದು. ಅದಕ್ಕೆ ಇಬ್ಬರು ಬೇಕು, ಇಲ್ಲವೇ ಗಾಲಿಯ ಟ್ರಾಲಿ ಬೇಕು. ಸಿಲಿಂಡರಿಗೂ ಅಷ್ಟೇ. ಇದು ಮಾಲಕರಿಗೆ ಭಾರೀ ಖರ್ಚಿನ ಬಾಬತ್ತಲ್ಲ. ಮಾಲಕರಲ್ಲಿ ಹಲವರು ನಮ್ಮ ಸಂಘಗಳ ಪದಾಧಿಕಾರಿಗಳೇ ಆಗಿರುವುದರಿಂದ ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತಿದ್ದೇವೆ. ಸೊಂಟಕ್ಕೆ ಪಟ್ಟಿ ಬಿಗಿದರೆ ಎಷ್ಟು ಭಾರವನ್ನಾದರೂ ಎತ್ತಬಹುದೆಂಬ ನಂಬಿಕೆಯೂ ತಪ್ಪು.

ಮನೆಯಲ್ಲಿ ನಳ್ಳಿ ನೀರು ತುಂಬಿಸುವ ತಾಯಂದಿರು ಒಂದು ತುಂಬಿದ ಬಕೆಟ್ಟಿನ ಬದಲು ಎರಡು ಕೈಗಳಲ್ಲಿ ಎರಡು ಅರ್ಧ ಬಕೆಟ್ ಒಯ್ದರೆ ಬೆನ್ನಿಗೆ ಹಿತ. ಸಾಮಾನ್ಯ ಸೊಂಟನೋವಿಗೆ ವಾರಗಟ್ಟಲೆ ಮಲಗುವುದು ಮದ್ದಲ್ಲ, ಆದಷ್ಟು ನಡೆದಾಡುತ್ತಿರುವುದೇ ಲೇಸು. ಆದರೆ ಕಾಲಿನ ಬಲ ಕುಗ್ಗಿದರೆ, ತೊಡೆಸಂದಿಯ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಮುಂದಿನ ಶಿಬಿರಕ್ಕೆ ಒಬ್ಬ ಫಿಸಿಯೋಥೆರಪಿಸ್ಟರನ್ನು ಕರೆಸಿ. ಭಾಷಣ ಬೇಡ. ಒಂದು ಚೀಲ, ಒಂದು ಖಾಲಿ ಸಿಲಿಂಡರ್ ತಂದಿಟ್ಟು ಎತ್ತುವ ಕ್ರಮವನ್ನು ಅರ್ಧ ಗಂಟೆ ಮಾಡಿ ತೋರಿಸಲಿ. ಸಭೆ ಮುಗಿದ ಮೇಲೆ ಕುರ್ಚಿ ಹೊರುವ ನಮ್ಮ ಕಾರ್ಯಕರ್ತರೂ ಕಲಿಯಲಿ. ಶಿಬಿರದ ಸಮಯವನ್ನು ಮಾತ್ರ ಮಧ್ಯಾಹ್ನ ಮೂರು ಗಂಟೆಗೆ ಇಡಿ, ಹೊಟೇಲಿನ ಹುಡುಗರಿಗೆ ಬಿಡುವು ಸಿಗುವುದು ಆಗಲೇ. ಭಾನುವಾರ ಬೆಳಿಗ್ಗೆ ಇಟ್ಟರೆ ಅವರು ಬರಲಾರರು. ಆ ಹೊತ್ತಿಗೆ ಒಲೆಯಿಂದ ಇಡ್ಲಿಯ ಪಾತ್ರೆ ಇಳಿಸುತ್ತಿರುತ್ತಾರೆ.