ಅರ್ಧ ಕೊಡದ ಅಪಾಯ

“ನಮ್ಮ ಹುಡುಗಗ ಹ್ವಾದ ವರ್ಷ ಡೆಂಗಿ ಬಂದು ಹೋಗೇದರಿ, ಇನ್ನ ಅಂಜಿಕಿಲ್ಲ!” ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲೂ ಅಥಣಿಯ ಕಿರಾಣಿ ಅಂಗಡಿಯಲ್ಲೂ ಈ ಮಾತು ಕೇಳುತ್ತೇವೆ. ದಡಾರದ ಲೆಕ್ಕವನ್ನು ಡೆಂಗಿಗೂ ಹಚ್ಚುವ ಈ ಧೈರ್ಯ ಮಕ್ಕಳ ಜೀವಕ್ಕೆ ಎರವಾದೀತು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಜಾತಿ ಇವೆ. ಒಂದು ಬಂದು ಹೋದರೆ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿ, ಆ ಜಾತಿಯನ್ನು ವರ್ಷಾನುಗಟ್ಟಲೆ ತಡೆಯುತ್ತವೆ. ಉಳಿದ ಮೂರನ್ನು ತಡೆಯುವುದು ಸ್ವಲ್ಪ ಕಾಲ ಮಾತ್ರ. ಪ್ರತಿಕಾಯ ಇಳಿದು ಅರೆಬರೆ ಉಳಿದಾಗ ಬೇರೆ ಜಾತಿ ಹೊಕ್ಕರೆ, ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆಗೆದಂತೆ! ಪ್ರತಿಕಾಯ ವೈರಸ್ಸಿಗೆ ಅಂಟಿಕೊಳ್ಳುತ್ತದೆ, ಆದರೆ ಕೊಲ್ಲಲಾರದೆ ಅದನ್ನು ಜೀವಕೋಶದೊಳಗೇ ಸಾಗಿಸುತ್ತದೆ.

ಇದು ಬರೀ ಊಹೆಯಲ್ಲ. ನಿಕಾರಾಗುವಾ ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಂತು. ಪ್ರತಿಕಾಯ ಹೆಚ್ಚಿದ್ದವರಿಗೆ ರಕ್ಷಣೆ ಇತ್ತು. ನಡುಮಟ್ಟಕ್ಕಿಂತ ಕೆಳಗಿನ ಒಂದು ಹಂತದಲ್ಲಿದ್ದವರಿಗೆ ಮಾತ್ರ, ಪ್ರತಿಕಾಯವೇ ಇಲ್ಲದವರಿಗಿಂತ ತೀವ್ರ ಡೆಂಗಿಯ ಅಪಾಯ 7 ಪಟ್ಟು ಹೆಚ್ಚಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ, ಅದೇ ಮಾತು.

ಫಿಲಿಪೈನ್ಸಿನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಹಾಕಿದರು. ಮೊದಲು ಡೆಂಗಿಯೇ ಬಾರದವರಿಗೆ ಈ ಲಸಿಕೆಯಿಂದ ಮುಂದೆ ಜ್ವರ ಬಿರುಸಾದೀತೆಂದು 2017ರ ನವೆಂಬರಿನಲ್ಲಿ ಕಂಪನಿಯೇ ಒಪ್ಪಿತು. ಕಾರ್ಯಕ್ರಮ ನಿಂತಿತು. ಎಲ್ಲ ಲಸಿಕೆಯೂ ಹಾಗೆ ಎಂದಲ್ಲ. ಆದರೆ ಡೆಂಗಿ ಲಸಿಕೆ ಹಾಕಿಸುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಡೆಂಗಿ ಬಾರದ ಮಗುವಿಗೆ ಇದು ನಾಲ್ಕೂ ಜಾತಿಯಿಂದ ಕಾಯುತ್ತದೆಯೇ?

ಇನ್ನು ನಮ್ಮ ಗಡಿ ತಾಲೂಕುಗಳ ಕಥೆ ನೋಡ್ರಿ. ಕಾಗವಾಡ, ರಾಯಬಾಗದವರು ಮಿರಜಕ್ಕೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಓಡುತ್ತಾರೆ. ಜ್ವರ ಬಿಟ್ಟಿತು ಅಂದರೆ ಚೀಟಿ ಕಸಕ್ಕೆ! ಮುಂದಿನ ಸಲ ಇಲ್ಲಿನ ಡಾಕ್ಟರಿಗೆ ಇದು ಎರಡನೇ ಡೆಂಗಿ ಎಂದು ತಿಳಿಯುವುದು ಹೇಗೆ? ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಕಟ್ಟಿಡಬೇಕು. ‘ಐಜಿಜಿ ಪಾಸಿಟಿವ್’ ಎಂದು ಬರೆದು ಕೈತೊಳೆದುಕೊಳ್ಳುವ ಲ್ಯಾಬಿನವರೂ, ಇದು ರಕ್ಷಣೆಯ ಸರ್ಟಿಫಿಕೇಟ್ ಅಲ್ಲವೆಂದು ಕನ್ನಡದಲ್ಲೊಂದು ಸಾಲು ಅಚ್ಚು ಹಾಕಲಿ. ತಾಲೂಕು ಆಸ್ಪತ್ರೆಗಳು ಡೆಂಗಿ ಬಂದ ಮಕ್ಕಳ ಪಟ್ಟಿ ಇಡಲಿ.

ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಗಂಡಾಂತರದ್ದು. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ದವಾಖಾನೆಗೆ ತಡ ಮಾಡಬಾರದು. ಅಂಗಡಿಯವರು ಜ್ವರದ ಮಗುವಿಗೆ ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆ ಕೊಡಬಾರದು. ರಕ್ತಸ್ರಾವ ಹೆಚ್ಚೀತು.

ಸೊಳ್ಳೆ ಮರಿ ಕಂಡರೆ ದಂಡ ಹಾಕುವ ನಿಯಮವನ್ನು ಸರಕಾರ 2024ರಲ್ಲಿ ತಂದಿದೆ. ಸರಿ. ಆದರೆ ನಳ ದಿನಾ ಬಾರದ ಓಣಿಯಲ್ಲಿ ಜನ ಬ್ಯಾರಲ್ ತುಂಬದೆ ಏನು ಮಾಡಬೇಕು? ಪುರಸಭೆ ಮೊದಲು ನೀರು ಕೊಡಲಿ, ಆಮೇಲೆ ಪಾವತಿ ಹರಿಯಲಿ. ಅಲ್ಲಿಯತನಕ ವಾರಕ್ಕೊಮ್ಮೆ ಬ್ಯಾರಲ್ ತಿಕ್ಕಿ ಒಣಗಿಸಿ ಮುಚ್ಚುವುದು ನಮ್ಮ ಕೆಲಸ. ಡೆಂಗಿ ಒಮ್ಮೆ ಬಂದು ಹೋದ ಮನೆಯವರಂತೂ ಇದನ್ನು ಮೊದಲು ಮಾಡಬೇಕು.