ತೆರೆಯ ಮೇಲಿನ ಆ ಕಣ್ಣೀರು ನಟನೆಯಾಗಿರಲಿಲ್ಲ

ಕಲೆಗೆ ಲಜ್ಜೆಯ ಎಲ್ಲೆ ಬೇಕೇ ಬೇಡವೇ ಎಂಬ ಚರ್ಚೆ ಹೊಸದಲ್ಲ. ಕಾಮವನ್ನೇ ವಸ್ತುವಾಗಿಸಿಕೊಂಡ ಒಂದೊಂದು ಚಲನಚಿತ್ರ ಬಂದಾಗಲೂ ಎರಡು ಪಾಳಯಗಳು ಎದ್ದು ನಿಲ್ಲುತ್ತವೆ. ಒಂದು ಕಲಾವಿದನ ಸ್ವಾತಂತ್ರ್ಯದ ಬಾವುಟ ಹಿಡಿಯುತ್ತದೆ. ಇನ್ನೊಂದು ಸಮಾಜದ ನೈತಿಕತೆಯ ಬಾವುಟ ಹಿಡಿಯುತ್ತದೆ. ನಾವು ಎರಡನೆಯದರ ಕೆಳಗೆ ಹೋಗಿ ನಿಲ್ಲುತ್ತೇವೆ. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ನಿಜಕ್ಕೂ ಮುಗಿಯಿತೇ? ಅರ್ಧ ಶತಮಾನದ ಹಿಂದಿನ ಒಂದು ಚಿತ್ರದ ಕಥೆ ಈ ನೆಮ್ಮದಿಯನ್ನು ಕೆಡಿಸುವಂತಿದೆ.

ಇಟಲಿಯ ನಿರ್ದೇಶಕ ಬರ್ನಾರ್ಡೊ ಬರ್ಟೊಲುಚಿಯವರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ 1972ರಲ್ಲಿ ಬಂತು. ಹೆಂಡತಿಯ ಆತ್ಮಹತ್ಯೆಯಿಂದ ಕಂಗೆಟ್ಟ ಒಬ್ಬ ಅಮೆರಿಕನ್, ಹೆಸರನ್ನೂ ಕೇಳದೆ ಒಬ್ಬ ಯುವತಿಯೊಡನೆ ಖಾಲಿ ಮನೆಯೊಂದರಲ್ಲಿ ದೈಹಿಕ ಸಂಬಂಧ ಬೆಳೆಸುವುದು ಅದರ ಕಥೆ. ನಾಯಕ ಮಾರ್ಲನ್ ಬ್ರಾಂಡೊಗೆ ಆಗ ಸುಮಾರು 48 ವರ್ಷ; ಜಗತ್ಪ್ರಸಿದ್ಧ ನಟ. ನಾಯಕಿ ಮರಿಯಾ ಶ್ನೈಡರ್‌ಗೆ 19; ಹೆಚ್ಚೇನೂ ಹೆಸರಿಲ್ಲದ ಹುಡುಗಿ.

ಆ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಾಗ ‘ದ ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕಿ ಪೌಲೀನ್ ಕೇಲ್ ಅದನ್ನು ಹಾಡಿ ಹೊಗಳಿದರು. 1913ರಲ್ಲಿ ಸ್ಟ್ರಾವಿನ್ಸ್ಕಿಯ ಕೃತಿಯೊಂದರ ಮೊದಲ ಪ್ರದರ್ಶನಕ್ಕೆ ಸಂಗೀತದ ಚರಿತ್ರೆಯಲ್ಲಿ ಯಾವ ಸ್ಥಾನವಿದೆಯೋ, ಚಲನಚಿತ್ರದ ಚರಿತ್ರೆಯಲ್ಲಿ ಆ ಸಂಜೆಗೆ ಅದೇ ಸ್ಥಾನವೆಂದರು. ವಿತರಕರು ಆ ವಿಮರ್ಶೆಯನ್ನೇ ಪತ್ರಿಕೆಯಲ್ಲಿ ಜಾಹೀರಾತಾಗಿ ಮರುಮುದ್ರಿಸಿದರು. ಬರ್ಟೊಲುಚಿ ಮತ್ತು ಬ್ರಾಂಡೊ ಇಬ್ಬರ ಹೆಸರೂ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡವು.

ಇನ್ನೊಂದು ಪಾಳಯವೂ ಸುಮ್ಮನಿರಲಿಲ್ಲ. ಇಟಲಿಯಲ್ಲಿ ಅಶ್ಲೀಲತೆಯ ಮೊಕದ್ದಮೆ ಹೂಡಲಾಯಿತು. 1976ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವು ಚಿತ್ರದ ಪ್ರತಿಗಳನ್ನು ನಾಶಪಡಿಸುವಂತೆ ಆದೇಶಿಸಿತು. ನಿರ್ದೇಶಕರು ಐದು ವರ್ಷಗಳ ಕಾಲ ಮತದಾನದ ಹಕ್ಕನ್ನೂ ಕಳೆದುಕೊಂಡರು. ಸರ್ವಾಧಿಕಾರಿ ಫ್ರಾಂಕೊನ ಸ್ಪೇನ್‌ನಲ್ಲಿ ಚಿತ್ರಕ್ಕೆ ಪ್ರವೇಶವೇ ಇರಲಿಲ್ಲ. ಫಲವೇನಾಯಿತು? ಸ್ಪೇನ್‌ನ ಜನರು ಗಡಿ ದಾಟಿ ಫ್ರಾನ್ಸಿನ ಪೆರ್ಪಿನ್ಯಾನ್‌ನಂತಹ ಊರುಗಳಿಗೆ ಹೋಗಿ ಅದನ್ನು ನೋಡಿ ಬಂದರು. ನಿಷೇಧವು ಚಿತ್ರಮಂದಿರದ ಬಾಗಿಲನ್ನು ಮುಚ್ಚಬಲ್ಲದು. ಕುತೂಹಲದ ಬಾಗಿಲನ್ನು ಮುಚ್ಚಲಾರದು.

ಈ ಎರಡು ಪಾಳಯಗಳೂ ಕೇಳಿದ ಪ್ರಶ್ನೆಗಳನ್ನು ಗಮನಿಸಬೇಕು. ಇದು ನೋಡುಗನನ್ನು ಎಚ್ಚರಿಸುತ್ತದೆಯೇ ಎಂದು ವಿಮರ್ಶಕರು ಕೇಳಿದರು. ಇದು ನೋಡುಗನನ್ನು ಕೆಡಿಸುತ್ತದೆಯೇ ಎಂದು ನ್ಯಾಯಾಲಯ ಕೇಳಿತು. ಎರಡೂ ಪ್ರಶ್ನೆಗಳ ಕೇಂದ್ರದಲ್ಲಿ ಇದ್ದವನು ಟಿಕೆಟ್ ಕೊಂಡು ಕುರ್ಚಿಯಲ್ಲಿ ಕುಳಿತವನು. ಯಾರ ದೇಹವನ್ನು ಮುಂದಿಟ್ಟು ಈ ಚರ್ಚೆಯೆಲ್ಲ ನಡೆಯಿತೋ ಆ ಹೆಣ್ಣುಮಗಳಿಗೆ ಏನಾಯಿತೆಂದು ಕೇಳುವವರು ಎಷ್ಟು ಮಂದಿಯಿದ್ದರು?

ಆಕೆಯೇ ಹೇಳಿದರು. 2007ರ ಸಂದರ್ಶನವೊಂದರಲ್ಲಿ ಮರಿಯಾ ಶ್ನೈಡರ್ ಆ ಚಿತ್ರದ ಬಲಾತ್ಕಾರದ ದೃಶ್ಯದ ಬಗ್ಗೆ ಮಾತನಾಡಿದರು. ಅದರ ವಿವರ ಇಲ್ಲಿ ಬೇಡ. ಆ ದೃಶ್ಯ ಮೂಲ ಚಿತ್ರಕಥೆಯಲ್ಲಿ ಇರಲಿಲ್ಲವೆಂದೂ, ಚಿತ್ರೀಕರಣಕ್ಕೆ ತುಸು ಮುನ್ನವಷ್ಟೇ ತನಗೆ ತಿಳಿಸಲಾಯಿತೆಂದೂ, ನಡೆದದ್ದು ಅಭಿನಯವೇ ಆಗಿದ್ದರೂ ತೆರೆಯ ಮೇಲೆ ಕಾಣುವ ಕಣ್ಣೀರು ನಿಜವಾದುದೆಂದೂ ಹೇಳಿದರು. ಆ ಖ್ಯಾತಿಯು ತನ್ನನ್ನು ನಟಿಯಾಗಿ ಅಲ್ಲ, ಭೋಗದ ಸಂಕೇತವಾಗಿ ನೋಡಿತೆಂದು ನೊಂದುಕೊಂಡರು. ಮಾದಕ ವ್ಯಸನದ ಕತ್ತಲೆಯಲ್ಲಿ ಅವರ ಹಲವು ವರ್ಷಗಳು ಕಳೆದುಹೋದವು. ಕಲೆಯ ಹೆಸರು ಹೇಳುವ ನಡುವಯಸ್ಸಿನ ಗಂಡಸರಿಗಾಗಿ ಬಟ್ಟೆ ಕಳಚಬೇಡಿ ಎಂಬುದು ಕಿರಿಯ ನಟಿಯರಿಗೆ ಅವರು ಕೊಟ್ಟ ಬುದ್ಧಿಮಾತು. ನೆನಪಿಡಿ, ಇದು ಯಾವುದೋ ಧರ್ಮಪೀಠದಿಂದ ಬಂದ ಉಪದೇಶವಲ್ಲ. 2011ರಲ್ಲಿ, 58ನೆಯ ವಯಸ್ಸಿನಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರ ಮರಣಾನಂತರ, 2013ರಲ್ಲಿ, ಬರ್ಟೊಲುಚಿ ಒಪ್ಪಿಕೊಂಡರು. ಆ ದೃಶ್ಯದ ಒಂದು ಮುಖ್ಯ ಅಂಶವನ್ನು ತಾವೂ ಬ್ರಾಂಡೊ ಕೂಡಿ ಆಕೆಗೆ ಹೇಳದೆ ಮುಚ್ಚಿಟ್ಟೆವು. ನಟಿಯ ಪ್ರತಿಕ್ರಿಯೆಯಲ್ಲ, ಹುಡುಗಿಯ ಪ್ರತಿಕ್ರಿಯೆ ತಮಗೆ ಬೇಕಿತ್ತು. ತಪ್ಪಿತಸ್ಥ ಭಾವವಿದೆ, ಆದರೆ ಮಾಡಿದ್ದಕ್ಕೆ ವಿಷಾದವಿಲ್ಲ. ಅವರ ಮಾತಿನ ಸಾರ ಇಷ್ಟು. 2016ರಲ್ಲಿ ಈ ಮಾತು ಜಗತ್ತಿನೆಲ್ಲೆಡೆ ಹರಡಿ ಆಕ್ರೋಶ ಎದ್ದಾಗ ಅವರು ಒಂದು ಸ್ಪಷ್ಟೀಕರಣ ಕೊಟ್ಟರು: ಹಿಂಸೆಯ ದೃಶ್ಯವಿದೆಯೆಂದು ಆಕೆಗೆ ಗೊತ್ತಿತ್ತು, ಆ ಒಂದು ಅಂಶ ಮಾತ್ರ ಗೊತ್ತಿರಲಿಲ್ಲ ಎಂದು. ನ್ಯಾಯದ ದೃಷ್ಟಿಯಿಂದ ಅದನ್ನೂ ದಾಖಲಿಸೋಣ. ಆದರೆ ಮುಚ್ಚಿಟ್ಟದ್ದು ಅಪಮಾನಿಸುವ ಉದ್ದೇಶದಿಂದಲೇ ಎಂಬುದನ್ನು ಆ ಸ್ಪಷ್ಟೀಕರಣ ಅಳಿಸುವುದಿಲ್ಲ.

ಕಲೆಯ ಪರವಾಗಿ ವಾದಿಸುವವರಿಗೆ ನಮ್ಮ ಪ್ರಶ್ನೆ ಇಷ್ಟೇ. ನಟಿಯ ಅಭಿನಯ ಬೇಡ, ಹುಡುಗಿಯ ಅಪಮಾನವೇ ಬೇಕು ಎಂದಾದರೆ ಅಲ್ಲಿ ಕಲೆ ಎಲ್ಲಿ ಉಳಿಯಿತು? ಇಲ್ಲದ ನೋವನ್ನು ಇದೆಯೆಂದು ತೋರಿಸುವುದು ಕಲೆ. ನೋವನ್ನು ಉಂಟುಮಾಡಿ ಅದನ್ನು ಚಿತ್ರೀಕರಿಸುವುದಕ್ಕೆ ಬೇರೆ ಹೆಸರಿದೆ. ಆಕೆ ಒಪ್ಪಿಕೊಂಡೇ ನಟಿಸಿದಳಲ್ಲವೇ ಎಂದು ಕೆಲವರು ಕೇಳಬಹುದು. ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನ ಧಾನ್ಯ ಒದ್ದೆಯಾಗಿದ್ದ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡದೆ ಮುಚ್ಚಿಟ್ಟದ್ದನ್ನು ಅವರು ವಂಚನೆಯೆಂದು ಪರಿಗಣಿಸಿದರು. ಒಂದು ಸೇರು ಧಾನ್ಯದ ವ್ಯವಹಾರದಲ್ಲೇ ಮುಚ್ಚಿಡುವುದು ವಂಚನೆಯಾದರೆ ಒಬ್ಬ ಹೆಣ್ಣಿನ ಮಾನದ ವ್ಯವಹಾರದಲ್ಲಿ ಅದು ಏನು? ತಿಳಿಯದ ಸಂಗತಿಗೆ ಒಪ್ಪಿಗೆ ಎಂಬುದಿಲ್ಲ.

ಅದು ಹಳೆಯ ಕಾಲ, ಈಗ ಎಲ್ಲವೂ ಬದಲಾಗಿದೆ ಎನ್ನುವಿರಾ? 2013ರಲ್ಲಿ ಅಬ್ದೆಲ್ಲತೀಫ್ ಕೆಶಿಶ್ ನಿರ್ದೇಶನದ ‘ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ವಿಮರ್ಶಕರಲ್ಲಿ ಹೆಚ್ಚಿನವರು ಕೊಂಡಾಡಿದರು. ಯಾವ ಚಿತ್ರಕಾದಂಬರಿಯನ್ನು ಆಧರಿಸಿ ಅದು ತಯಾರಾಗಿತ್ತೋ ಅದರ ಲೇಖಕರೇ ಅದರ ಕಾಮದೃಶ್ಯಗಳನ್ನು ಟೀಕಿಸಿದರು. ಕೆಲವೇ ತಿಂಗಳಲ್ಲಿ ಅದರ ಇಬ್ಬರು ನಟಿಯರು, ಅಂತಹ ಒಂದು ದೃಶ್ಯಕ್ಕಾಗಿಯೇ ಹತ್ತು ದಿನ ಚಿತ್ರೀಕರಣ ನಡೆಯಿತೆಂದೂ, ಇನ್ನೆಂದೂ ಆ ನಿರ್ದೇಶಕನೊಡನೆ ಕೆಲಸ ಮಾಡುವುದಿಲ್ಲವೆಂದೂ ಹೇಳಿದರು. ನಿರ್ದೇಶಕರು ಆರೋಪಗಳನ್ನು ಒಪ್ಪಲಿಲ್ಲ. ಆದರೆ ನಾಲ್ಕು ದಶಕಗಳ ಬಳಿಕವೂ ಕೇಳಿಬಂದ ದೂರಿನ ದನಿ ಎಷ್ಟು ಪರಿಚಿತ!

ಇನ್ನು ನಮ್ಮ ಕಡೆಗೆ ತಿರುಗೋಣ. ಇಂತಹ ಚಿತ್ರಗಳ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು ಯಾವುದು? “ಎಂಥ ನಾಚಿಕೆಗೆಟ್ಟ ಹೆಣ್ಣು!” ಕ್ಯಾಮೆರಾದ ಹಿಂದೆ ನಿಂತವನ ಬಗ್ಗೆ, ಹಣ ಹೂಡಿದವನ ಬಗ್ಗೆ, ಟಿಕೆಟ್ ಕೊಂಡವನ ಬಗ್ಗೆ ಆ ಮಾತು ಹೊರಡುವುದಿಲ್ಲ. ಸಂಸ್ಕೃತಿಯ ನಾಶದ ಬಗ್ಗೆ ಮರುಗುವ ಕೈಯೇ ಆ ದೃಶ್ಯದ ತುಣುಕನ್ನು “ನೋಡಿ, ಕಾಲ ಎಲ್ಲಿಗೆ ಬಂತು” ಎಂಬ ಒಕ್ಕಣೆಯೊಂದಿಗೆ ಹತ್ತು ಜನರಿಗೆ ಕಳುಹಿಸುತ್ತದೆ. ಇದು ಖಂಡನೆಯೋ, ಪ್ರಚಾರವೋ? ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ದೃಷ್ಟಿಯನ್ನು ತಗ್ಗಿಸುವ ಆದೇಶವನ್ನು ಮೊದಲು ಪುರುಷರಿಗೆ ನೀಡಿ ಅನಂತರವಷ್ಟೇ ಸ್ತ್ರೀಯರಿಗೆ ನೀಡಿದೆ. ನಾವು ಆ ಕ್ರಮವನ್ನು ತಲೆಕೆಳಗಾಗಿಸಿದ್ದೇವೆ. ಲಜ್ಜೆಯ ಹೊಣೆಯನ್ನೆಲ್ಲ ಹೆಣ್ಣುಮಕ್ಕಳ ತಲೆಯ ಮೇಲಿಟ್ಟು ಗಂಡುಮಕ್ಕಳ ಕೈಗೆ ಮೊಬೈಲ್ ಕೊಟ್ಟಿದ್ದೇವೆ.

ಲಜ್ಜೆ ಎಂಬುದು ಹೆಣ್ಣನ್ನು ಅಳೆಯುವ ಮಾನದಂಡವಲ್ಲ. ಅದು ಆಕೆಯ ಹಕ್ಕು. ಅದನ್ನು ಕಾಯುವುದು ಶಕ್ತಿಯುಳ್ಳವರ ಹೊಣೆ. ಇಂತಹ ಚಿತ್ರವನ್ನು ನೋಡಬೇಡ ಎಂದು ಮಗನಿಗೆ ಹೇಳಿದರೆ ಸಾಲದು. ಏಕೆ ನೋಡಬಾರದೆಂದೂ ಹೇಳಬೇಕು. ನಿನ್ನ ಮನಸ್ಸು ಕೆಡುತ್ತದೆ ಎಂಬುದು ಅರ್ಧ ಉತ್ತರ ಮಾತ್ರ. ನಿನ್ನ ಕ್ಷಣದ ಸುಖಕ್ಕಾಗಿ ತೆರೆಯ ಆಚೆ ಯಾರೋ ಬೆಲೆ ತೆತ್ತಿರಬಹುದು, ಆಕೆಯೂ ಒಬ್ಬರ ಮಗಳು ಎಂಬುದು ಉಳಿದರ್ಧ.

2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಸಿನೆಮಾಟೆಕ್ ಸಂಸ್ಥೆಯು ‘ಲಾಸ್ಟ್ ಟ್ಯಾಂಗೋ’ದ ಪ್ರದರ್ಶನವೊಂದನ್ನು ರದ್ದುಪಡಿಸಿತು. ರದ್ದುಪಡಿಸಿದ್ದು ಯಾವ ಧರ್ಮಗುರುಗಳ ಒತ್ತಾಯಕ್ಕೂ ಅಲ್ಲ. ಮರಿಯಾ ಶ್ನೈಡರ್‌ಗೆ ಏನಾಯಿತೆಂದು ಕೇಳಿದ ಮಹಿಳೆಯರ ಪ್ರತಿಭಟನೆಗೆ. ಆ ಪ್ರಶ್ನೆಗೆ ಮನ್ನಣೆ ಸಿಗಲು ಐವತ್ತೆರಡು ವರ್ಷ ಬೇಕಾಯಿತು. ಉತ್ತರ ಕೇಳಲು ಆಕೆ ಬದುಕಿರಲಿಲ್ಲ. ಲಜ್ಜೆಯ ಪಾಠವನ್ನು ಜಗತ್ತಿಗೆ ಹೇಳುವ ಹಂಬಲವುಳ್ಳ ನಾವು ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಿತ್ತಲ್ಲವೇ?